ಮಿಸೌರಿಯ ಹೌವೆಲ್ ಕೌಂಟಿ ಸ್ವಾವಲಂಬಿ ಬದುಕಿಗೆ ತಕ್ಕ ಜಾಗವೇ? ಅಳೆಯುವುದು ಹೇಗೆ?

ಪ್ರಶ್ನೆ – ಹೊಸನೆಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ವರ ಕುಟುಂಬ, ಹನ್ನೆರಡು ವರ್ಷಗಳಿಂದ ಶಿಕಾಗೊದ ಹೊರವಲಯದಲ್ಲಿದ್ದೇವೆ. ನಮ್ಮಿಬ್ಬರ ಕೆಲಸವೂ ಈಗ ಮನೆಯಿಂದಲೇ ನಡೆಯುವುದರಿಂದ, ಇನ್ನೆರಡು ವರ್ಷಗಳೊಳಗೆ ಹಳ್ಳಿಗಾಡಿಗೆ ಹೋಗಿ ನೀರು, ಆಹಾರ, ಉರುವಲು ಇವುಗಳ ಮಟ್ಟಿಗಾದರೂ ನಮ್ಮ ಕಾಲ ಮೇಲೆ ನಾವು ನಿಲ್ಲಬೇಕು, ವಿದ್ಯುತ್ತು ಎರಡು ಮೂರು ವಾರ ಬಾರದಿದ್ದರೂ ದಿಕ್ಕೆಡದೆ ಇರುವಂತಾಗಬೇಕು ಎಂದು ನಿರ್ಧರಿಸಿದ್ದೇವೆ. ಮಿಸೌರಿ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಓಝಾರ್ಕ್ ಗುಡ್ಡಗಳ ನಡುವಿನ ಹೌವೆಲ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) 20 ಎಕರೆಯ ಒಂದು ಜಾಗ ನೋಡಿದ್ದೇವೆ. ಅರ್ಧ ಓಕ್ ಕಾಡು, ಅರ್ಧ ಹುಲ್ಲುಗಾವಲು, ಹಳೆಯದೊಂದು ಮನೆ, ಒಂದು ಕೊಳವೆಬಾವಿ.

ಕೌಂಟಿಗಳನ್ನು ಹೋಲಿಸಲು ನಾನು ನೂರು ಅಂಕಗಳ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಮಳೆಗೆ 20, ಭೂಮಿಯ ಬೆಲೆ ಮತ್ತು ಆಸ್ತಿ ತೆರಿಗೆಗೆ 20, ಕಟ್ಟಡ ಮತ್ತು ಭೂಬಳಕೆಯ ನಿಯಮಗಳ ಸಡಿಲಿಕೆಗೆ 20, ಜನಸಾಂದ್ರತೆಗೆ 15, ಪ್ರಕೃತಿ ವಿಕೋಪದ ಅಪಾಯಕ್ಕೆ 15, ಮಣ್ಣಿಗೆ 5, ವೈದ್ಯಕೀಯ ಸೌಲಭ್ಯಕ್ಕೆ 5. ವರ್ಷಕ್ಕೆ 45 ಇಂಚಿಗೂ ಹೆಚ್ಚು ಮಳೆ, 2020ರ ಜನಗಣತಿಯಂತೆ ಸುಮಾರು 40,000 ಜನ, ಅಂದರೆ ಚದರ ಮೈಲಿಗೆ 43ರ ಆಸುಪಾಸು. ಅಮೆರಿಕದ ವಿಕೋಪ ನಿರ್ವಹಣಾ ಸಂಸ್ಥೆಯಾದ ಫೆಮಾದ ರಾಷ್ಟ್ರೀಯ ಅಪಾಯ ಸೂಚ್ಯಂಕದ ನಕ್ಷೆಯಲ್ಲೂ ಇಂಥ ಗ್ರಾಮೀಣ ಕೌಂಟಿಗಳು ದೊಡ್ಡ ನಗರಗಳ ಕೌಂಟಿಗಳಿಗಿಂತ ಎಷ್ಟೋ ಸುರಕ್ಷಿತವಾಗಿ ಕಾಣುತ್ತವೆ. ನನ್ನ ಲೆಕ್ಕದಲ್ಲಿ ಹೌವೆಲ್‌ಗೆ 83 ಅಂಕ ಬಂದಿದೆ. ನೋಡಿದ ಏಳು ಕೌಂಟಿಗಳಲ್ಲಿ ಇದೇ ಮೊದಲನೆಯದು.

ಈ ಅಳತೆ ಸರಿಯೇ? ಏನನ್ನಾದರೂ ಬಿಟ್ಟಿದ್ದೇನೆಯೇ? ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ನಮ್ಮ ಮಗಳಿಗೆ ಒಂಬತ್ತು ವರ್ಷ, ಅವಳಿಗೆ ಟೈಪ್ 1 ಮಧುಮೇಹವಿದೆ.

ಉತ್ತರ 1 – ಬಾವಿಕಟ್ಟೆ

ನಾನು ಅದೇ ಗುಡ್ಡಗಳಲ್ಲಿ, ನೀವು ಹೇಳುವ ಜಾಗದಿಂದ ಒಂದು ಗಂಟೆಯ ದೂರದಲ್ಲಿ ಹನ್ನೊಂದು ವರ್ಷಗಳಿಂದ ಇದ್ದೇನೆ. ನಿಮ್ಮ ಪಟ್ಟಿಯಲ್ಲಿ ಮಳೆಗೆ 20 ಅಂಕವಿದೆ, ನೀರಿಗೆ ಒಂದು ಅಂಕವೂ ಇಲ್ಲ. ಓಝಾರ್ಕ್‌ನಲ್ಲಿ ಅವೆರಡೂ ಬೇರೆ ಬೇರೆ.

ಅಲ್ಲಿನ ನೆಲದಡಿ ಇರುವುದು ಸುಣ್ಣಕಲ್ಲು ಮತ್ತು ಡಾಲಮೈಟ್. ನೀರು ಲಕ್ಷಾಂತರ ವರ್ಷ ಆ ಬಂಡೆಯನ್ನು ಕರಗಿಸಿ ಬಿರುಕು, ಗವಿ, ಕುಸಿದ ಗುಂಡಿಗಳನ್ನು ಮಾಡಿಟ್ಟಿದೆ. ಇದನ್ನು ಕಾರ್ಸ್ಟ್ ಎನ್ನುತ್ತಾರೆ. ಬೇರೆ ಕಡೆ ಮಳೆನೀರು ಮಣ್ಣಿನಲ್ಲಿ ನಿಧಾನವಾಗಿ ಸೋಸಿಕೊಂಡು ಇಳಿಯುತ್ತದೆ, ಇಲ್ಲಿ ಚರಂಡಿಯ ಕೊಳವೆಗೆ ಬಿದ್ದಂತೆ ನೇರವಾಗಿ ಇಳಿದು ಎಲ್ಲೋ ಮೇಲೇಳುತ್ತದೆ. ಪಕ್ಕದ ಓರೆಗನ್ ಕೌಂಟಿಯ ಗ್ರ್ಯಾಂಡ್ ಗಲ್ಫ್ ಎಂಬ ಕುಸಿದ ಗವಿಯೊಳಗೆ ಹರಿದುಹೋಗುವ ನೀರು ಕೆಲವೇ ದಿನಗಳಲ್ಲಿ ಮೈಲಿಗಟ್ಟಲೆ ದೂರದಲ್ಲಿರುವ, ಆರ್ಕನ್ಸಾ ರಾಜ್ಯದ ಮ್ಯಾಮತ್ ಸ್ಪ್ರಿಂಗ್ ಚಿಲುಮೆಯಲ್ಲಿ ಹೊರಬರುವುದನ್ನು ಬಣ್ಣ ಬೆರೆಸಿ ಪರೀಕ್ಷಿಸಿದ್ದಾರೆ. ನೀವು ಹೋಗಬೇಕೆಂದಿರುವ ಕೌಂಟಿಯ ಕೇಂದ್ರವಾದ ವೆಸ್ಟ್ ಪ್ಲೇನ್ಸ್ ಪಟ್ಟಣದಲ್ಲಿ 1978ರಲ್ಲಿ ಕೊಳಚೆನೀರಿನ ಕೊಳದ ತಳವೇ ಕುಸಿದು, ಕೊಳಚೆಯೆಲ್ಲ ನೆಲದೊಳಗಿಳಿದು, ಸುತ್ತಲಿನ ಬಾವಿಗಳು ಕೆಟ್ಟು ನೂರಾರು ಜನ ಕಾಯಿಲೆ ಬಿದ್ದರು. ಬಾವಿ ನಿಮ್ಮ ಜಮೀನಿನಲ್ಲೇ ಇದ್ದರೂ ಅದರ ನೀರು ಬರುವುದು ಯಾರ ಜಮೀನಿನಿಂದ ಎಂಬುದು ಈ ನೆಲದಲ್ಲಿ ಬೇಲಿ ನೋಡಿ ತಿಳಿಯುವುದಿಲ್ಲ.

ನಮ್ಮ ಮನೆಯ ಹಳೆಯ ಬಾವಿಯ ಕತೆಯನ್ನೇ ಹೇಳುತ್ತೇನೆ. ಕೊಂಡ ವರ್ಷ ಆಗಸ್ಟ್‌ನಲ್ಲಿ ಪರೀಕ್ಷೆ ಮಾಡಿಸಿದಾಗ ನೀರು ಪರಿಶುದ್ಧವಾಗಿತ್ತು. ಏಪ್ರಿಲ್‌ನಲ್ಲಿ ಎರಡು ದಿನ ಬಿಡದೆ ಮಳೆ ಸುರಿದು ಮೂರನೆಯ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬಿಳಿಯ ಪಿಂಗಾಣಿ ಬಟ್ಟಲಲ್ಲಿ ತೆಳುವಾದ ಚಹದ ಬಣ್ಣ ಕಂಡಿತು, ಹತ್ತು ನಿಮಿಷ ಬಿಟ್ಟಾಗ ತಳದಲ್ಲಿ ನುಣ್ಣನೆಯ ಕೆಂಪು ಜೇಡಿ ಕೂತಿತು. ಮತ್ತೆ ಪರೀಕ್ಷೆಗೆ ಕಳಿಸಿದಾಗ ಇ. ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ ಇತ್ತು. ಕೇಸಿಂಗ್, ಅಂದರೆ ಬಾವಿಯ ಒಳಗೋಡೆಯಾಗಿ ಇಳಿಸುವ ಉಕ್ಕಿನ ಕೊಳವೆ, ಸಾಕಷ್ಟು ಆಳಕ್ಕೆ ಇಳಿದಿರಲಿಲ್ಲ, ಮೇಲ್ಪದರದ ಬಿರುಕುಗಳಿಂದ ನೀರು ನೇರವಾಗಿ ಒಳಸೇರುತ್ತಿತ್ತು. ಕೊನೆಗೆ ಹೊಸ ಬಾವಿಯನ್ನೇ ಕೊರೆಸಬೇಕಾಯಿತು.

ಆದ್ದರಿಂದ ಮನೆಗಿಂತ ಮೊದಲು ಬಾವಿಯ ದಾಖಲೆ ಕೇಳಿ. ಎಷ್ಟು ಅಡಿ ಆಳ, ಕೇಸಿಂಗ್ ಎಷ್ಟು ಅಡಿಯವರೆಗೆ, ನೀರು ನಿಲ್ಲುವ ಮಟ್ಟ ಯಾವುದು, ನಿಮಿಷಕ್ಕೆ ಎಷ್ಟು ಗ್ಯಾಲನ್ ಬರುತ್ತದೆ ಎಂಬ ನಾಲ್ಕು ಅಂಕಿಗಳು ನಿಮಗೆ ಬೇಕು. ಇಳುವರಿ ಕಡಿಮೆ ಎಂದಾಕ್ಷಣ ಹೆದರಬೇಕಿಲ್ಲ. ನಿಮಿಷಕ್ಕೆ ಒಂದೇ ಗ್ಯಾಲನ್ ಬಂದರೂ ದಿನಕ್ಕೆ 1,440 ಗ್ಯಾಲನ್ ಆಗುತ್ತದೆ, ಆರಿಂಚಿನ ಕೊಳವೆಯಲ್ಲಿ ಪ್ರತಿ ಅಡಿಗೆ ಸುಮಾರು ಒಂದೂವರೆ ಗ್ಯಾಲನ್ ನೀರು ನಿಂತೇ ಇರುತ್ತದೆ. ವಿದ್ಯುತ್ತಿಲ್ಲದಾಗ ನೀರೆತ್ತುವ ಬಗೆಯನ್ನು ತೀರ್ಮಾನಿಸುವುದು ನಿಂತ ನೀರಿನ ಮಟ್ಟವೇ. ಮೇಲಿನಿಂದ ಹೀರುವ ಪಂಪು 25 ಅಡಿಗಿಂತ ಆಳದ ನೀರನ್ನು ಎತ್ತಲಾರದು, ಅದು ಗಾಳಿಯ ಒತ್ತಡದ ಮಿತಿ. ಅದಕ್ಕಿಂತ ಆಳವಿದ್ದರೆ ಸಿಲಿಂಡರನ್ನು ಬಾವಿಯೊಳಗೇ ಇಳಿಸುವ ಕೈಪಂಪು ಬೇಕು, ಮುಳುಗು ಪಂಪಿನ ಪಕ್ಕದಲ್ಲಿ ಅದಕ್ಕೂ ಜಾಗವಿದೆಯೇ ಎಂದು ನೋಡಬೇಕು. ಖಾಸಗಿ ಬಾವಿಗೆ ಒಕ್ಕೂಟ ಸರ್ಕಾರದ ಕುಡಿಯುವ ನೀರಿನ ಕಾನೂನು ಅನ್ವಯಿಸುವುದಿಲ್ಲ, ಪರೀಕ್ಷೆ ಮಾಡಿಸುವ ಹೊಣೆ ಪೂರ್ತಿಯಾಗಿ ನಿಮ್ಮದೇ.

ಇನ್ನು, ನೀವು 20 ಅಂಕ ಕೊಟ್ಟು ಮೆಚ್ಚಿರುವ ನಿಯಮಗಳ ಸಡಿಲಿಕೆಗೂ ನೀರಿಗೂ ಸಂಬಂಧವಿದೆ. ಮಿಸೌರಿಯಲ್ಲಿ ಮೂರು ಎಕರೆ ಅಥವಾ ಅದಕ್ಕಿಂತ ದೊಡ್ಡ ಜಾಗದ ಒಂಟಿ ಮನೆಯ ಸೆಪ್ಟಿಕ್ ವ್ಯವಸ್ಥೆಗೆ, ಕೆಲವು ಷರತ್ತುಗಳೊಡನೆ, ರಾಜ್ಯದ ಅನುಮತಿಯಿಂದ ವಿನಾಯಿತಿ ಇದೆ. ಕೌಂಟಿ ಬೇಕಾದರೆ ತಾನೇ ಬಿಗಿ ಮಾಡಬಹುದು. ಆ ವಿನಾಯಿತಿ ನಿಮಗೆ ಸಿಕ್ಕಂತೆ ನಿಮ್ಮ ಮೇಲಿನ ಇಳಿಜಾರಿನ ನೆರೆಯವರಿಗೂ ಸಿಕ್ಕಿದೆ.

ಉತ್ತರ 2 – ಕೆಮ್ಮಣ್ಣು

ಬಾವಿಕಟ್ಟೆಯವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಅಂಕಗಳನ್ನು ಕೂಡಿಸುವ ಕ್ರಮದಲ್ಲೇ ದೋಷವಿದೆ. ತೆರಿಗೆಯಲ್ಲಿ ಬಂದ 20 ಅಂಕ ನೀರಿನಲ್ಲಿ ಬಂದ ಸೊನ್ನೆಯನ್ನು ತುಂಬಿಕೊಡುವುದಿಲ್ಲ. ನೀರು, ಆಹಾರ, ಶಾಖ, ಔಷಧಿ ಇವು ಒಂದೊಂದೂ ತಾನಾಗಿ ಪಾಸಾಗಬೇಕು, ಉಳಿದದ್ದನ್ನು ಆಮೇಲೆ ಹೋಲಿಸಬಹುದು.

ಅಪಾಯ ಸೂಚ್ಯಂಕದ ಬಗ್ಗೆಯೂ ಎಚ್ಚರ ಬೇಕು. ಅದು 18 ಬಗೆಯ ವಿಕೋಪಗಳಿಂದ ವರ್ಷಕ್ಕೆ ನಿರೀಕ್ಷಿಸಬಹುದಾದ ನಷ್ಟವನ್ನು ಡಾಲರ್‌ನಲ್ಲಿ ಅಂದಾಜಿಸಿ, ಅದಕ್ಕೆ ಸಾಮಾಜಿಕ ದುರ್ಬಲತೆ ಮತ್ತು ಚೇತರಿಸಿಕೊಳ್ಳುವ ಶಕ್ತಿಯ ಅಳತೆಗಳನ್ನು ಸೇರಿಸಿ ಮಾಡಿದ ಲೆಕ್ಕ. ಕಟ್ಟಡಗಳೂ ಜನರೂ ಕಡಿಮೆ ಇರುವ ಕಡೆ ಅದೇ ಸುಂಟರಗಾಳಿ ಬಂದರೂ ನಷ್ಟದ ಮೊತ್ತ ಕಡಿಮೆಯಾಗುತ್ತದೆ. ನಕ್ಷೆಯ ತಿಳಿಬಣ್ಣ ಹೇಳುವುದು ಅಲ್ಲಿ ಕಳೆದುಕೊಳ್ಳುವಂಥದ್ದು ಕಡಿಮೆ ಇದೆ ಎಂದು, ನಿಮ್ಮ ಮನೆಗೆ ಅಪಾಯ ಕಡಿಮೆ ಎಂದಲ್ಲ. 2017ರ ಏಪ್ರಿಲ್ ಕೊನೆಯಲ್ಲಿ ವೆಸ್ಟ್ ಪ್ಲೇನ್ಸ್ ಪೇಟೆಗೆ ನೀರು ನುಗ್ಗಿತು, ಪಕ್ಕದ ಓಝಾರ್ಕ್ ಕೌಂಟಿಯಲ್ಲಿ ನಾರ್ತ್ ಫೋರ್ಕ್ ನದಿ ಹಿಂದಿನ ದಾಖಲೆಗಳನ್ನೆಲ್ಲ ಮೀರಿ ಉಕ್ಕಿ ಸೇತುವೆಗಳನ್ನೇ ಎಳೆದೊಯ್ಯಿತು. ಆ ಸೀಮೆಯ ಎಷ್ಟೋ ರಸ್ತೆಗಳು ಹಳ್ಳವನ್ನು ದಾಟುವುದು ತಗ್ಗಿನ ಕಾಂಕ್ರೀಟ್ ಹಾಸಿನ ಮೇಲೆ. ನಿಮ್ಮ ಮನೆ ದಿಣ್ಣೆಯ ಮೇಲಿರಬಹುದು; ಪೇಟೆಗೆ ಹೋಗುವ ಎಲ್ಲ ದಾರಿಗಳಲ್ಲೂ ಅಂಥ ಹಾಸು ಇದ್ದರೆ ಎರಡು ದಿನ ನೀವು ದ್ವೀಪದಲ್ಲಿದ್ದಂತೆಯೇ.

ಈಗ ನೀವು ಐದೇ ಅಂಕ ಕೊಟ್ಟಿರುವ ಮಣ್ಣಿಗೆ ಬರೋಣ. ಸರ್ಕಾರದ ವೆಬ್ ಸಾಯಿಲ್ ಸರ್ವೆ ನಕ್ಷೆಯಲ್ಲಿ ಜಮೀನಿನ ಗಡಿ ಗೀಚಿದರೆ ಯಾವ ತುಂಡಿನಲ್ಲಿ ಯಾವ ಮಣ್ಣು, ಎಷ್ಟು ಇಳಿಜಾರು, ಗಟ್ಟಿಪದರ ಎಷ್ಟು ಆಳದಲ್ಲಿದೆ ಎಂಬುದೆಲ್ಲ ಉಚಿತವಾಗಿ ಸಿಗುತ್ತದೆ. ಅದನ್ನು ನೋಡಿದ ಮೇಲೆ ಸಲಿಕೆ ಹಿಡಿದು ಹೋಗಿ. ದಿಣ್ಣೆಗಳ ಮೇಲೆ ಗೇಣುದ್ದ ಇಳಿಯುವ ಮೊದಲೇ ಸಲಿಕೆ ಟಣ್ ಎನ್ನುತ್ತದೆ, ಮುಷ್ಟಿಗಾತ್ರದ ಚರ್ಟ್ ಕಲ್ಲುಗಳು ಮಣ್ಣಿಗಿಂತ ಹೆಚ್ಚಿರುತ್ತವೆ. ನಾನು 30 ಅಡಿಗೆ 40 ಅಡಿಯ ಕೈತೋಟ ಮಾಡಲು ಮೊದಲ ವಸಂತದಲ್ಲಿ 61 ತಳ್ಳುಗಾಡಿ ಕಲ್ಲು ಹೊರಹಾಕಿದೆ, ಎರಡನೆಯ ವಸಂತದಲ್ಲಿ ಹಿಮ ಕರಗಿದಾಗ ಮತ್ತೆ ಅಷ್ಟೇ ಹೊಸ ಕಲ್ಲು ಮೇಲೆದ್ದಿತ್ತು. ಹಳ್ಳದ ಬದಿಯ ತಗ್ಗಿನಲ್ಲಿ ಒಳ್ಳೆಯ ಮಣ್ಣಿದೆ, ಆದರೆ ಪ್ರವಾಹ ಬರುವುದೂ ಅಲ್ಲಿಗೇ. ಆ ಸೀಮೆಯವರು ತಲೆಮಾರುಗಳಿಂದ ದನ ಮತ್ತು ಹುಲ್ಲನ್ನು ನೆಚ್ಚಿಕೊಂಡಿರುವುದಕ್ಕೆ ನೆಲವೇ ಕಾರಣ.

ಆಹಾರದ ಲೆಕ್ಕವನ್ನೂ ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಒಬ್ಬರಿಗೆ ದಿನಕ್ಕೆ 2,000 ಕ್ಯಾಲೊರಿ ಎಂದರೆ ವರ್ಷಕ್ಕೆ 7,30,000. ಒಣಗಿದ ಮುಸುಕಿನ ಜೋಳದಲ್ಲಿ ಅದು ಸುಮಾರು 200 ಕಿಲೊ, ಆಲೂಗಡ್ಡೆಯಲ್ಲಾದರೆ 950 ಕಿಲೊ. ನಾಲ್ವರಿಗೆ ಅದನ್ನು ಗುಣಿಸಿ, ಕೆಟ್ಟ ವರ್ಷಕ್ಕೆಂದು ಇನ್ನಷ್ಟು ಸೇರಿಸಿ. ಟೊಮೆಟೊ, ಸೊಪ್ಪು ಬೆಳೆದು ಸಂತೋಷಪಡುವುದು ಬೇರೆ, ಹೊಟ್ಟೆ ತುಂಬುವಷ್ಟು ಬೆಳೆಯುವುದು ಬೇರೆ. ನಾಲ್ಕು ವರ್ಷ ದುಡಿದ ಮೇಲೂ ನಮ್ಮ ಮನೆಯ ಕ್ಯಾಲೊರಿಯಲ್ಲಿ ಮೂರನೆಯ ಒಂದು ಭಾಗ ಮಾತ್ರ ನಮ್ಮ ನೆಲದ್ದು, ಅದಕ್ಕೂ ನಮಗೆ ಹೆಮ್ಮೆಯಿದೆ.

ಹೊಸಬರು ಬೀಳುವ ಒಂದು ಹಳ್ಳವಿದೆ. ಮಣ್ಣು ತೆಳ್ಳಗಿದೆ ಎಂದು ಎಲ್ಲರೂ ಗೊಬ್ಬರ ತರುತ್ತಾರೆ. ನಾನೂ ಎರಡನೆಯ ವರ್ಷ ಒಂದು ಟ್ರಕ್ ಹಳೆಯ ಸಗಣಿ ಗೊಬ್ಬರ ತರಿಸಿದೆ. ಜೂನ್‌ನಲ್ಲಿ ಟೊಮೆಟೊ ಗಿಡಗಳ ತುದಿ ಎಲೆಗಳು ಜರೀಗಿಡದ ಚಿಗುರಿನಂತೆ ಸುರುಳಿ ಸುತ್ತಿಕೊಂಡವು, ಹುರುಳಿಕಾಯಿ ಬಳ್ಳಿ ಏಳಲೇ ಇಲ್ಲ. ಆ ದನಗಳು ತಿಂದ ಹುಲ್ಲಿಗೆ ಅಮಿನೋಪೈರಾಲಿಡ್ ಎಂಬ ಕಳೆನಾಶಕ ಹೊಡೆದಿದ್ದರು. ಅದು ದನದ ಹೊಟ್ಟೆಯನ್ನೂ ಗೊಬ್ಬರದ ಗುಂಡಿಯನ್ನೂ ದಾಟಿ ಉಳಿಯುತ್ತದೆ. ಯಾರ ಗೊಬ್ಬರವಾದರೂ ಸರಿ, ಮೊದಲು ನಾಲ್ಕು ಕುಂಡದಲ್ಲಿ ಬೆರೆಸಿ ಹುರುಳಿಕಾಯಿ ಬೀಜ ಹಾಕಿ, ಮೂರು ವಾರ ಎಲೆಗಳನ್ನು ನೋಡಿ. ಕೊಳ್ಳಲಿರುವ ಹುಲ್ಲುಗಾವಲಿಗೆ ಏನೇನು ಹೊಡೆದಿದ್ದಾರೆ ಎಂದು ಮಾರುವವರನ್ನು ಕೇಳಲೇಬೇಕು.

ಉರುವಲಿನ ವಿಷಯದಲ್ಲಿ ಚಿಂತೆಯಿಲ್ಲ. ಓಕ್ ಕಾಡು ಎಕರೆಗೆ ವರ್ಷಕ್ಕೆ ಅರ್ಧ ಕಾರ್ಡ್ ಕೊಡುತ್ತದೆ ಎಂಬುದು ರೂಢಿಯ ಲೆಕ್ಕ, ಒಂದು ಕಾರ್ಡ್ ಎಂದರೆ 128 ಘನ ಅಡಿ. ನಿಮ್ಮ ಹತ್ತು ಎಕರೆ ಸಾಕು.

ಉತ್ತರ 3 – ರಾತ್ರಿಪಾಳಿ

ನಾನು ಇಪ್ಪತ್ತು ವರ್ಷದಿಂದ ನರ್ಸ್, ಅದರಲ್ಲಿ ಎಂಟು ವರ್ಷ ಗ್ರಾಮೀಣ ಕೌಂಟಿಗಳ ತುರ್ತು ವಿಭಾಗಗಳಲ್ಲಿ ಕೆಲಸ ಮಾಡಿದ್ದೇನೆ. ಮೇಲಿನ ಇಬ್ಬರೂ ನೆಲ, ನೀರಿನ ಬಗ್ಗೆ ಬೇಕಾದದ್ದನ್ನು ಹೇಳಿದ್ದಾರೆ. ನನ್ನ ಮನಸ್ಸು ನಿಂತಿರುವುದು ನಿಮ್ಮ ಕೊನೆಯ ವಾಕ್ಯದಲ್ಲಿ. ಮಗಳಿಗೆ ಇನ್ಸುಲಿನ್ ಬೇಕು ಎಂದಾದ ಮೇಲೆ ವೈದ್ಯಕೀಯಕ್ಕೆ ಐದು ಅಂಕ ಎಂಬ ಮಾತೇ ಉಳಿಯುವುದಿಲ್ಲ. ನಿಮ್ಮ ಕುಟುಂಬ ಹೊರಗಿನ ನೆರವಿಲ್ಲದೆ ಎಷ್ಟು ದಿನ ನಿಲ್ಲಬಲ್ಲದು ಎಂಬುದಕ್ಕೆ ಉತ್ತರ ಬಾವಿಯಲ್ಲೂ ಇಲ್ಲ, ಹೊಲದಲ್ಲೂ ಇಲ್ಲ, ಫ್ರಿಜ್ಜಿನ ಬಾಗಿಲಲ್ಲಿದೆ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಬಾಟಲಿಯ ಮೇಲಿನ ಅವಧಿಯವರೆಗೆ ಇರುತ್ತದೆ. ಬಳಕೆಗೆ ತೆಗೆದದ್ದು, ಹೆಚ್ಚಿನ ಬಗೆಗಳಲ್ಲಿ, ಕೋಣೆಯ ತಾಪಮಾನದಲ್ಲಿ ಸುಮಾರು 28 ದಿನ. ಹೆಪ್ಪುಗಟ್ಟಿದರೆ ಮತ್ತೆ ಬಳಸುವಂತಿಲ್ಲ. 2007ರ ಜನವರಿಯ ಹಿಮಗಲ್ಲಿನ ಬಿರುಗಾಳಿಯಲ್ಲಿ ಸ್ಪ್ರಿಂಗ್‌ಫೀಲ್ಡ್ ಸುತ್ತಮುತ್ತ ಕೆಲವರಿಗೆ ವಾರಗಟ್ಟಲೆ ವಿದ್ಯುತ್ತಿರಲಿಲ್ಲ, 2009ರ ಮೇ 8ರಂದು ನೇರಗಾಳಿಯ ದೊಡ್ಡ ಬಿರುಸು ದಕ್ಷಿಣ ಮಿಸೌರಿಯನ್ನು ಅಡ್ಡಹಾಯ್ದು ಮರಗಳನ್ನೂ ತಂತಿಗಳನ್ನೂ ಕೆಡವಿತು. ಹಾಗಾಗಿ ಇಡೀ ಮನೆಗೆ ಸೌರವಿದ್ಯುತ್ ಎಂಬ ದೊಡ್ಡ ಯೋಜನೆಗಿಂತ ಮೊದಲು, 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್ಜು, ಅದಕ್ಕೆ ತಕ್ಕ ಬ್ಯಾಟರಿ, ಒಂದೆರಡು ಸೌರ ಫಲಕ ಇಷ್ಟನ್ನು ಇಂದಿನ ಮನೆಯಲ್ಲೇ ಹೊಂದಿಸಿ, ಒಂದು ವಾರ ಅದರಲ್ಲೇ ಇನ್ಸುಲಿನ್ ಇಟ್ಟು, ಒಳಗೆ ಉಷ್ಣಮಾಪಕವಿಟ್ಟು ನೋಡಿ. ಮಗಳ ವೈದ್ಯರೊಡನೆ ಮಾತಾಡಿ 90 ದಿನದ ಔಷಧಿಯನ್ನು ಒಟ್ಟಿಗೆ ಪಡೆಯಲು ವಿಮೆ ಒಪ್ಪುತ್ತದೆಯೇ ಎಂದು ಈಗಲೇ ಕೇಳಿ. ಇನ್ಸುಲಿನ್ ಪಂಪ್ ಬಳಸುತ್ತಿದ್ದರೆ ಅದು ಕೈಕೊಟ್ಟಾಗ ಸೂಜಿಯಿಂದ ಕೊಡುವ ಪ್ರಮಾಣವನ್ನು ಬರೆಸಿಟ್ಟುಕೊಳ್ಳಿ.

ವೆಸ್ಟ್ ಪ್ಲೇನ್ಸ್‌ನಲ್ಲಿ ಆಸ್ಪತ್ರೆಯಿದೆ, ಇದು ಹೌವೆಲ್‌ನ ದೊಡ್ಡ ಬಲ. ಸುತ್ತಲಿನ ಎಷ್ಟೋ ಕೌಂಟಿಗಳಿಗೆ ಆ ಭಾಗ್ಯವಿಲ್ಲ. ಆದರೆ ಆಸ್ಪತ್ರೆಯಿದೆ ಎಂಬುದಕ್ಕಿಂತ ಮುಂದೆ ಹೋಗಿ ಕೇಳಬೇಕಾದದ್ದಿದೆ. ಮಕ್ಕಳ ಮಧುಮೇಹ ತಜ್ಞರು ಎಷ್ಟು ದೂರದಲ್ಲಿದ್ದಾರೆ? ರಾತ್ರಿ ಎರಡು ಗಂಟೆಗೆ ಆ ವಿಳಾಸಕ್ಕೆ ಆಂಬುಲೆನ್ಸ್ ತಲುಪಲು ಎಷ್ಟು ಹೊತ್ತು ಬೇಕು? ಇದನ್ನು ನಕ್ಷೆಯಲ್ಲಿ ನೋಡಬೇಡಿ, ಆಂಬುಲೆನ್ಸ್ ನಡೆಸುವವರನ್ನೇ ಹೋಗಿ ಕೇಳಿ. ನಾನು ಕೆಲಸ ಮಾಡಿದ ಕಡೆಯೆಲ್ಲ ಅವರು ಸಂಕೋಚವಿಲ್ಲದೆ ನಿಜ ಹೇಳಿದ್ದಾರೆ.

ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಓಝಾರ್ಕ್‌ನಲ್ಲಿ ಲೋನ್ ಸ್ಟಾರ್ ಎಂಬ, ಮೈಗೆ ಅಂಟಿ ರಕ್ತ ಹೀರುವ ಉಣ್ಣೆಹುಳು ವಿಪರೀತ. ಅದು ಕಚ್ಚಿದ ಕೆಲವರಿಗೆ ಆಲ್ಫಾ-ಗಾಲ್ ಎಂಬ ಅಲರ್ಜಿ ಬರುತ್ತದೆ, ದನ, ಹಂದಿ, ಜಿಂಕೆಯ ಮಾಂಸ ತಿಂದ ಕೆಲವು ಗಂಟೆಗಳ ಮೇಲೆ ಮೈಯೆಲ್ಲ ದದ್ದು, ಹೊಟ್ಟೆನೋವು, ಕೆಲವೊಮ್ಮೆ ಉಸಿರೇ ಕಟ್ಟುವ ಸ್ಥಿತಿ. ಕೆಲವರಿಗೆ ಹಾಲು ಕೂಡ ಆಗುವುದಿಲ್ಲ. ದನ ಸಾಕಿ ಅದರಿಂದಲೇ ಬದುಕುವ ಯೋಚನೆಯಿದ್ದರೆ ಇದು ನಿಮ್ಮ ಆಹಾರ ಯೋಜನೆಯ ಬುಡಕ್ಕೇ ಬರುವ ಮಾತು. ದಿನವೂ ಸಂಜೆ ಮಕ್ಕಳ ಮಂಡಿಯ ಹಿಂದೆ, ಕಿವಿಯ ಹಿಂದೆ, ಸೊಂಟದ ಪಟ್ಟಿಯಡಿ ನೋಡುವುದು ಅಲ್ಲಿ ಹಲ್ಲುಜ್ಜುವಷ್ಟೇ ಸಹಜವಾದ ರೂಢಿಯಾಗಬೇಕು.

ಜನಸಾಂದ್ರತೆ ಕಡಿಮೆಯಿದ್ದಷ್ಟೂ ಹೆಚ್ಚು ಅಂಕ ಎಂದು ನೀವು ಕೊಟ್ಟಿರುವುದನ್ನು ನಾನು ಒಪ್ಪಲಾರೆ. ರಸ್ತೆಗೆ ಬಿದ್ದ ಮರವನ್ನು ಗರಗಸ ಹಿಡಿದು ಮೊದಲು ಕಡಿಯುವವರು ನೆರೆಯವರು. ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿ ಇರುವವರೂ ಅವರೇ. ಅಂಥ ಹತ್ತು ಮನೆಗಳು ನಡೆದುಹೋಗುವ ದೂರದಲ್ಲಿದ್ದರೆ ಅದಕ್ಕೆ ನಾನು ಅಂಕ ಕೂಡಿಸುತ್ತೇನೆ.

ಹೊಸನೆಲೆ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ನಾವಿಬ್ಬರೂ ಕೂತು ಪಟ್ಟಿಯನ್ನು ಪೂರ್ತಿ ತೆಗೆದುಹಾಕಿದೆವು. ಈಗ ನಮ್ಮ ಬಳಿ ಇರುವುದು ನಾಲ್ಕು ಪ್ರಶ್ನೆಗಳು: ನೀರು, ಇನ್ಸುಲಿನ್, ಪೇಟೆಗೆ ಹೋಗುವ ದಾರಿ, ಮಣ್ಣು. ಇವುಗಳಲ್ಲಿ ಒಂದು ತಪ್ಪಿದರೂ ಆ ಜಾಗ ಬೇಡ ಎಂದು ತೀರ್ಮಾನಿಸಿದ್ದೇವೆ. ಇಂಥ ಕಡೆ ಒಂದು ವರ್ಷ ಬಾಡಿಗೆಗಿದ್ದು ನೋಡುವ ಯೋಚನೆಯೂ ಬಂದಿದೆ, ಮಗಳ ಶಾಲೆಯ ವಿಷಯ ನೋಡಿಕೊಂಡು ನಿರ್ಧರಿಸಬೇಕು. ಮುಂದಿನ ತಿಂಗಳು ಮಳೆ ಬಂದ ಮೇಲೆ ಹೋಗಿ ಬಾವಿಯ ನೀರನ್ನು ನಾನೇ ಪರೀಕ್ಷೆಗೆ ಕೊಡಬೇಕೆಂದಿದ್ದೇನೆ. ಮಾದರಿ ತೆಗೆಯುವಾಗ ಏನನ್ನು ಗಮನಿಸಬೇಕು?

ಬಾವಿಕಟ್ಟೆ

ಒಳ್ಳೆಯ ಮಳೆ ಬಿದ್ದು ಒಂದೆರಡು ದಿನಗಳೊಳಗೆ ಹೋಗಿ. ಪ್ರಯೋಗಾಲಯದವರು ಕೊಡುವ ಬಾಟಲಿಯನ್ನೇ ಬಳಸಿ, ಅದನ್ನು ತೊಳೆಯಬೇಡಿ. ಒಳಗಿರುವ ಚೂರು ಬಿಳಿ ಪುಡಿ ಕ್ಲೋರಿನ್ ಅಳಿಸಲೆಂದು ಹಾಕಿದ್ದು, ಕೊಳೆಯಲ್ಲ. ನೀರು ಮೃದುಗೊಳಿಸುವ ಯಂತ್ರ ಅಥವಾ ಫಿಲ್ಟರ್ ಇದ್ದರೆ ಅದಕ್ಕಿಂತ ಮೊದಲಿನ ನಲ್ಲಿಯನ್ನು ಹುಡುಕಿ. ನಲ್ಲಿಯ ಬಾಯಿಯ ಜಾಲರಿ ಬಿಚ್ಚಿ, ಐದು ನಿಮಿಷ ನೀರು ಬಿಟ್ಟು, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗದಂತೆ ಗುರುತಿನವರೆಗೆ ತುಂಬಿಸಿ. ಬ್ಯಾಕ್ಟೀರಿಯಾದ ಜೊತೆಗೆ ನೈಟ್ರೇಟ್ ಪರೀಕ್ಷೆಯನ್ನೂ ಕೇಳಿ. ಸಾರ್ವಜನಿಕ ನೀರಿಗೆ ಇರುವ ಮಿತಿ, ನೈಟ್ರೋಜನ್ ಲೆಕ್ಕದಲ್ಲಿ, ಲೀಟರಿಗೆ 10 ಮಿಲಿಗ್ರಾಂ, ಅದನ್ನೇ ನಿಮ್ಮ ಬಾವಿಗೂ ಅಳತೆಯಾಗಿ ಇಟ್ಟುಕೊಳ್ಳಿ. ಬ್ಯಾಕ್ಟೀರಿಯಾದ ಮಾದರಿಯನ್ನು ತಂಪಾಗಿಟ್ಟು 30 ಗಂಟೆಗಳೊಳಗೆ ಪ್ರಯೋಗಾಲಯ ತಲುಪಿಸಬೇಕು, ಆದ್ದರಿಂದ ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ತೆಗೆಯಿರಿ. ಶುಕ್ರವಾರ ಸಂಜೆ ತೆಗೆದದ್ದನ್ನು ಅವರು ತೆಗೆದುಕೊಳ್ಳುವುದಿಲ್ಲ.